ರಜೆ ಮುಗಿಯುವ ಮೊದಲೇ ಬರುತ್ತೇವೆ

ಹೊಲಿಗೆ ಅಂಗಡಿ,
ಸೋಮವಾರ, ಒಂಬತ್ತನೇ ತಾರೀಖು

ಪ್ರೀತಿಯ ಪುಟ್ಟಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ನಿನ್ನ ಯಜಮಾನರು, ಆ ನಿನ್ನ ವಾಚಾಳಿ ಮಗಳು ಹೇಗಿದ್ದೀರಿ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಅಕ್ಕ ಉತ್ತರವನ್ನೇ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕಿ ನನ್ನ ಮಾತು ಮರೆಸಿಬಿಡುತ್ತೀಯ. ರಜೆ ಹತ್ತಿರ ಬಂತೆಂದರೆ ಅಂಗಡಿಯಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಪ್ರವಾಸ ಹೊರಡುವವರು ಊರಿನವರು, ಅವರ ಅಂಗಿಗಳಿಗೆ ಕಾಜಾ ಹಾಕುತ್ತ ಕೂರುವವಳು ನಾನು. ಈ ಸಲ ರಜೆಯಲ್ಲಿ ಅಂಗಡಿ ಮುಚ್ಚುತ್ತೇನೆ ಅಂದಾಗ ಹಳೇ ಗಿರಾಕಿಯೊಬ್ಬಳು, "ಅಯ್ಯೋ, ಸೀಸನ್‌ನಲ್ಲಾ? ತಲೆ ಕೆಟ್ಟಿದ್ಯಾ ನಿಮಗೆ?" ಅಂದಳು. ಹೂಂ, ಕೆಟ್ಟಿದೆ ಅಂದೆ.

ರಜೆಯಲ್ಲಿ ರೈಲುಗಳು ತುಂಬಿ ತುಳುಕುತ್ತವೆ, ಮೊದಲ ಸಲ ದೇಶದ ಗಡಿ ದಾಟುವವರು ನೀವು, ಎಲ್ಲ ಮುಗಿದ ಮೇಲೆ ಆರಾಮಾಗಿ ಬನ್ನಿ ಎಂದು ನೀನು ಬರೆದಿದ್ದೆ. ಬುದ್ಧಿಯ ಮಾತೇ. ಆದರೆ ರಜೆಗೆ ನನ್ನ ತಮ್ಮ, ಅಂದರೆ ನಿನ್ನ ಅಣ್ಣ, ನಿನ್ನ ಮನೆಯಲ್ಲಿರುತ್ತಾನೆ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿಬಿಟ್ಟಳು. ಪಾಪ, ಅವಳನ್ನು ಗದರಬೇಡ. ಅಮ್ಮ ಹೋದಾಗಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಫೋನ್ ಎತ್ತುವುದಿಲ್ಲ, ಮನೆ ಬಾಗಿಲಿಗೆ ಹೋದರೆ ಕೆಲಸವಿದೆ ಅಂತ ಹೊರಟುಬಿಡುತ್ತಾನೆ. ನಿನ್ನ ಮನೆಯ ಊಟದ ಮೇಜಿನಲ್ಲಿ ನಾನು ಎದುರು ಕೂತರೆ ಎಲ್ಲಿಗೆ ಹೋಗುತ್ತಾನೆ? ಅದಕ್ಕೇ ಅವನು ಅಲ್ಲಿರುವಾಗಲೇ ಬರಬೇಕು ನಾನು.

ಇನ್ನು ನಿನ್ನ ಭಾವನ ಕಥೆ ಕೇಳು. ಆಯುಷ್ಯವೆಲ್ಲ ಬಸ್ ಓಡಿಸಿದವರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಇವರ ಬಲಗಾಲು ತಾನಾಗಿಯೇ ಬ್ರೇಕ್ ಹುಡುಕುತ್ತದೆ. ಪಾಸ್‌ಪೋರ್ಟಿನ ಫೋಟೋದಲ್ಲಂತೂ ಲೈಸೆನ್ಸ್ ಕಿತ್ತುಕೊಂಡವರ ಹಾಗೆ ಮುಖ ಮಾಡಿದ್ದಾರೆ. ಎರಡೂ ದೇಶಗಳಲ್ಲಿ ನಡೆಯುವ ರೈಲು ಪಾಸನ್ನು ತಾವೇ ಹೋಗಿ ತಂದು, "ನೋಡು, ಎಲ್ಲಾ ಮುಗೀತು. ಇನ್ನು ಹತ್ತೋದು, ಇಳಿಯೋದು ಅಷ್ಟೆ" ಎಂದು ಬೀಗಿದರು. ಪಕ್ಕದ ಅಂಗಡಿಯ ಔಷಧಿಯವನು ಪಾಸ್ ನೋಡಿ, "ಸೀಟೆಲ್ಲಿ?" ಅಂದ. ಇವರಿಗೆ ಸಿಟ್ಟು ಬಂತು. "ಪಾಸಿದ್ರೆ ಸೀಟೂ ಇದ್ದಂಗೆ. ನನ್ನ ಬಸ್ಸಲ್ಲಿ ಪಾಸ್ ತೋರಿಸಿದವರನ್ನ ನಾನು ಯಾವತ್ತಾದ್ರೂ ಇಳಿಸಿದ್ದೀನಾ?" ಎಂದು ಜಗಳಕ್ಕೇ ನಿಂತರು.

ನಾನು ಅವರನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋದೆ. ಕೌಂಟರಿನ ಹೆಂಗಸು ತಾಳ್ಮೆಯವಳು. ಗಡಿ ದಾಟುವ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟನ್ನು ಬೇರೆಯಾಗಿ ಕಾದಿರಿಸಬೇಕಂತೆ. ಪಾಸಿನವರಿಗೆ ಅಂತ ಇಡುವುದೇ ಕೆಲವು ಸೀಟು, ರಜೆಯ ದಿನಗಳದ್ದು ಎಂದೋ ಖಾಲಿಯಾಗಿದೆ. "ರಜೆ ಮುಗಿದ ವಾರ ಬೇಕಾದಷ್ಟಿದೆಯಮ್ಮಾ, ಕಿಟಕಿ ಪಕ್ಕದ್ದೇ ಕೊಡ್ತೀನಿ" ಅಂದಳು. ನಿನ್ನ ಭಾವ ನನ್ನ ಮುಖ ನೋಡಿ, "ಪುಟ್ಟಿನೂ ಅದನ್ನೇ ಹೇಳ್ತಿದ್ದಾಳಲ್ಲ" ಅಂದರು. ನನಗೆ ಅಲ್ಲೇ ಅಳು ಬಂತು ಪುಟ್ಟಿ. ಹಿಂದೆ ಸಾಲಿನಲ್ಲಿ ಅಷ್ಟು ಜನ ನಿಂತಿದ್ದರು, ನಾಚಿಕೆಯೂ ಆಗಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಸೀಟು ಕಾದಿರಿಸದೆ ಹತ್ತುವ ಗಾಡಿಯೇ ಇಲ್ಲವೇ ಎಂದು ಕೇಳಿದೆ. "ಇದೆ, ಆದ್ರೆ ಸಿಕ್ಕಸಿಕ್ಕಲ್ಲೆಲ್ಲಾ ನಿಲ್ಲುತ್ತೆ. ಗಡಿ ಸ್ಟೇಷನ್ನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಜಾಗ ಸಿಗದಿದ್ರೆ ನಿಂತೇ ಹೋಗಬೇಕಾಗುತ್ತೆ, ನೋಡಿ" ಅಂದಳು. ರಜೆ ಶುರುವಾಗುವ ಹಿಂದಿನ ದಿನ ಮಾತ್ರ ಬೇಡ, ವಾರದ ನಡುವೆ ಬೆಳಗಿನ ಗಾಡಿ ಹಿಡಿಯಿರಿ ಎಂದೂ ಹೇಳಿಕೊಟ್ಟಳು. ಇಪ್ಪತ್ತೈದನೇ ತಾರೀಖು, ಬುಧವಾರ ಎಂದು ಗೊತ್ತುಮಾಡಿಕೊಂಡು ಬಂದೆ.

ದಾರಿಯುದ್ದಕ್ಕೂ ನಿನ್ನ ಭಾವನದು ಒಂದೇ ರಾಗ. "ಆ ನೋಯೋ ಮಂಡಿ ಇಟ್ಕೊಂಡು ನಿಂತ್ಕೊಂಡು ಹೋಗ್ತೀಯಾ? ಹಟಮಾರಿ ಅಂದ್ರೆ ಹಟಮಾರಿ." ಆದರೆ ಮರುದಿನ ಅವರೇ ಪೇಟೆಯಿಂದ ಎರಡು ಮಡಚುವ ಸ್ಟೂಲು ತಂದು ಮುಂದಿಟ್ಟರು. "ನನ್ನ ಬಸ್ಸಿಗೆ ಇಂಥಾದ್ದು ತಂದವರನ್ನ ನಾನು ಹತ್ತಿಸ್ತಾನೇ ಇರಲಿಲ್ಲ" ಎಂದು ಗೊಣಗಿದರು. ಒಳ್ಳೆಯ ಮನುಷ್ಯ ಕಣೇ.

ನೀನು ಸ್ಟೇಷನ್ನಿಗೆ ಬರಬೇಕಾಗಿಲ್ಲ, ವಿಳಾಸವಿದೆ, ಕೇಳಿಕೊಂಡು ಬರುತ್ತೇವೆ. ಮಲಗಲು ಹಜಾರವಾದರೂ ಸಾಕು. ನಿನ್ನ ಮಗಳಿಗೆ ಒಂದು ಫ್ರಾಕು ಹೊಲಿದಿದ್ದೇನೆ, ಉದ್ದ ಸ್ವಲ್ಪ ಜಾಸ್ತಿ ಬಿಟ್ಟಿದ್ದೇನೆ, ಬೆಳೆಯುವ ಹುಡುಗಿ. ನಿನ್ನ ಮನೆ ತಣ್ಣಗಿರಲಿ, ನೀವೆಲ್ಲ ನೂರ್ಕಾಲ ಚೆನ್ನಾಗಿರಿ.

ಇಂತಿ ನಿನ್ನ,
ಅಕ್ಕ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಹೇಳದೆ ಬಂದರೆ ಹೊಂಚು ಹಾಕಿ ಬಂದ ಹಾಗಾಗುತ್ತದೆ. ಅಮ್ಮನ ಕಾಯಿಲೆಯನ್ನು ನಾನು ಮುಚ್ಚಿಟ್ಟೆ, ಕೊನೆಯ ಸಲ ಅವಳ ಮುಖ ನೋಡುವುದನ್ನೂ ತಪ್ಪಿಸಿದೆ ಎಂದು ತಾನೇ ನಿನ್ನ ಅಣ್ಣನ ಸಿಟ್ಟು? "ಅವನದು ಹೊಸ ಕೆಲಸ, ಬಿಟ್ಟು ಓಡಿ ಬರ್ತಾನೆ. ನಾನು ಎದ್ದು ಓಡಾಡೋ ಹಾಗಾದ್ಮೇಲೆ ಹೇಳಿದ್ರಾಯ್ತು" ಎಂದು ನನ್ನಿಂದ ಮಾತು ತೆಗೆದುಕೊಂಡವಳು ಅಮ್ಮ. ಆಗ ಮಂಚದ ಆ ಬದಿಯಲ್ಲಿ ನೀನು ಕೂತಿದ್ದೆ. ನಾನು ಹೇಳಿದರೆ ಅವನು ನಂಬಲಿಲ್ಲ. ನೀನು ಹೇಳಿದ್ದರೆ ನಂಬುತ್ತಿದ್ದ. ಪ್ರತಿ ರಜೆಯಲ್ಲೂ ನೀನು ಅವನನ್ನು ಕರೆದು ಬಡಿಸಿದೆ, ಈ ಒಂದು ಮಾತು ಮಾತ್ರ ಆಡಲಿಲ್ಲ. ನಿನ್ನ ಮೇಲೂ ಸಿಟ್ಟಾದಾನು ಎಂಬ ಹೆದರಿಕೆ ಇರಬೇಕು. ಆದರೂ ಅವನು ಮಾತು ಬಿಟ್ಟದ್ದಕ್ಕಿಂತ ನೀನು ಸುಮ್ಮನಿದ್ದದ್ದೇ ನನಗೆ ಹೆಚ್ಚು ನೋವು. ಬುಧವಾರ ನಾನು ಬರುತ್ತಿದ್ದೇನೆಂದು ಅವನಿಗೆ ಈಗಲೇ ತಿಳಿಸು. ಎದ್ದು ಹೋಗುವುದಿದ್ದರೆ ಹೋಗಲಿ. ಅಮ್ಮ ಏನು ಹೇಳಿದಳೆಂದು ನಿನ್ನ ಬಾಯಿಂದ ಕೇಳಿಕೊಂಡು ಹೋಗಲಿ.