ಎತ್ತಿ ಎಳೆಯಬೇಕಾದ ಡ್ರಾಯರ್

ಅಂಗಡಿಯ ಮೇಲಿನ ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಚಿಮಟಾ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಬರೆಯುವಾಗ ತಲೆ ತಗ್ಗಿಸಿ ತಗ್ಗಿಸಿ ಬಂದ ನೋವಂತೆ. ವಾಚು ಬಿಚ್ಚುವಾಗಲೂ ನೀನು ಹಾಗೇ ಕೂರುತ್ತಿದ್ದೆ, ಮೂಗು ಮುಳ್ಳಿಗೆ ತಗಲುವಷ್ಟು ಬಗ್ಗಿ. ಕೆಲಸ ಬದಲಾದರೂ ಕುತ್ತಿಗೆ ಬದಲಾಗಲಿಲ್ಲ ನೋಡು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಹವಾಮಾನ ವರದಿ ಓದುವವರು. ಅಲ್ಲಿ ಸೆಕೆ, ಇಲ್ಲಿ ಮೋಡ, ಸರಿ ಇಡ್ತೀನಿ. ಅದಕ್ಕೇ ಪತ್ರ. ನಲವತ್ತಾರರ ಗಂಡ ಬೆಳಿಗ್ಗೆ ಬೆಳಿಗ್ಗೆ ಪೆನ್ನು ಹಿಡಿದು ಕೂತದ್ದು ಕಂಡು ನಿನ್ನ ಅತ್ತಿಗೆ, ಯಾರಿಗೆ ರಾಜೀನಾಮೆ ಬರೀತಿದ್ದೀರಿ ಎಂದು ಕೇಳಿ ಹೋದಳು. ಸ್ವಂತ ಅಂಗಡಿಗೆ ರಾಜೀನಾಮೆ ಕೊಡುವ ಸೌಲಭ್ಯವಿದ್ದಿದ್ದರೆ ಎಂದೋ ಕೊಟ್ಟಿರುತ್ತಿದ್ದೆ.

ಅಪ್ಪ ಚೆನ್ನಾಗಿದ್ದಾರೆ. ಎಂಬತ್ತೊಂದಕ್ಕೆ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಕೈ ನಡುಗುತ್ತದೆ, ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಕಣ್ಣು ಮಾತ್ರ ಇನ್ನೂ ಅಪ್ಪನದೇ. ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಮೇಜಿನ ಪಕ್ಕ ಕೂತು, ನಾನು ಬ್ಯಾಟರಿ ಬದಲಿಸುವುದನ್ನು ಯಾರೋ ಕೊಲೆ ಮಾಡುವುದನ್ನು ನೋಡುವಂತೆ ನೋಡುತ್ತಾರೆ. ಮಣಿಕಟ್ಟು ಇವತ್ತಿಗೂ ಬರಿದು. ಊರಿಗೆಲ್ಲ ಗಂಟೆ ಸರಿಮಾಡಿ ಕೊಟ್ಟವರು ತಮಗೆ ಗಂಟೆ ಬೇಕಾದಾಗ ಎದುರಿಗಿದ್ದವರನ್ನು ಕೇಳುತ್ತಾರೆ.

ಈಗ ಸಮಾಚಾರ. ನಿನ್ನ ‘ನಿಂತ ಮುಳ್ಳು’ ಧಾರಾವಾಹಿಯ ಎರಡನೇ ಸೀಸನ್ ಹೋದ ಭಾನುವಾರ ಮುಗಿಯಿತು. ಅದರ ಮೇಲಿನ ಚರ್ಚೆ ಮಾತ್ರ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ನಮ್ಮ ಅಂಗಡಿಗೆ ಅಂಟಿಕೊಂಡ ಸಲೂನಿನಲ್ಲಿ ಪ್ರತಿ ಸೋಮವಾರ ಸಂಜೆ ಅಭಿಮಾನಿಗಳ ಸಭೆ. ಹೆಸರು ‘ಸುಳಿವು ಸಂಘ’. ಅಧ್ಯಕ್ಷ ಸಲೂನಿನವನೇ, ಏಕೆಂದರೆ ತಿರುಗುವ ಕುರ್ಚಿ ಅವನದು. ಅವನ ಮಾತಿಗೆ ವಿರೋಧವಿಲ್ಲ. ಗಂಟಲ ಮೇಲೆ ಕತ್ತಿ ಓಡುತ್ತಿರುವಾಗ ವಾದ ಮಾಡುವಷ್ಟು ಸತ್ಯನಿಷ್ಠೆ ಯಾರಿಗಿದೆ? ಕಾರ್ಯದರ್ಶಿ ಎದುರುಗಡೆ ಮೆಡಿಕಲ್ ಶಾಪಿನ ಅಕ್ಕ. ತಜ್ಞರು ನಿವೃತ್ತ ಗಣಿತದ ಮೇಷ್ಟ್ರು. ಉಳಿದವರು ಕ್ರಾಪಿಗೆ ಬಂದು ಸಿಕ್ಕಿಬಿದ್ದವರು. ನನ್ನನ್ನು ಆಸ್ಥಾನ ಕವಿ ಎಂದು ಕರೆದು ಮೂಲೆಯ ಸ್ಟೂಲು ಕೊಟ್ಟಿದ್ದಾರೆ. ಅವರ ಕಾರ್ಯವೈಖರಿಯನ್ನು ನಾನು ಎರಡು ಸಾಲಿನಲ್ಲಿ ಹೀಗೆ ಹಿಡಿದೆ:

ಗಡ್ಡಕ್ಕೆ ಬಂದವ ಸಾಕ್ಷಿದಾರ,
ಅಡ್ಡ ಬಂದವನೇ ಗುನ್ನೆಗಾರ.

ತಮ್ಮನ್ನೇ ಜರಿದದ್ದು ಎಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಆದಿಪ್ರಾಸ, ಅಂತ್ಯಪ್ರಾಸ ಎರಡೂ ಕೂಡಿವೆ ಎಂದು ಅಂಕ ಬೇರೆ ಕೊಟ್ಟರು.

ಬರೆದವಳಿಗೇ ಕಥೆ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ಇವರ ಕೈಗೆ ಸಿಗುವ ಮುನ್ನ ಅದು ಹೇಗಿತ್ತು ಎಂಬುದಕ್ಕೆ ಒಂದು ದಾಖಲೆಯಾದರೂ ಇರಲಿ. ಒಬ್ಬ ಮುದುಕ ವಾಚ್ ರಿಪೇರಿಯವರು ತಮ್ಮ ಮೇಜಿನ ಮುಂದೆಯೇ ಹೆಣವಾಗಿ ಸಿಗುತ್ತಾರೆ. ಗಿರಾಕಿಯೊಬ್ಬರು ಕೊಟ್ಟಿದ್ದ ಬೆಳ್ಳಿಯ ಜೇಬುಗಡಿಯಾರ ಡ್ರಾಯರಿನಿಂದ ಕಾಣೆ. ಎಲ್ಲರ ಕಣ್ಣು ಮಗಳ ಮೇಲೆ. ಹತ್ತನೇ ಕಂತಿನಲ್ಲಿ ಕೊಂದವನು ಕಟ್ಟಡದ ಮಾಲೀಕ ಎಂದು ತಿಳಿಯುತ್ತದೆ; ಗಡಿಯಾರ ತೆಗೆದದ್ದು ಅವನಲ್ಲ ಎಂದೂ ತಿಳಿಯುತ್ತದೆ. ಇನ್ಸ್‌ಪೆಕ್ಟರಮ್ಮ ಮಗಳಿಗೆ, ಕೊಂದವನು ಸಿಕ್ಕ, ಕದ್ದವರು ಸಿಗಲಿಲ್ಲ ಎನ್ನುತ್ತಾಳೆ. ಮಗಳು ಡ್ರಾಯರ್ ಮುಚ್ಚುತ್ತಾಳೆ. ಅಲ್ಲಿಗೆ ಹೆಸರುಗಳು ಓಡತೊಡಗುತ್ತವೆ. ನಿನ್ನ ಹೆಸರು ಎರಡು ಸೆಕೆಂಡು ಇರುತ್ತದೆ. ಎಣಿಸಿದ್ದೇನೆ, ಸೆಕೆಂಡು ಎಣಿಸುವುದೊಂದೇ ನನಗೆ ಪಕ್ಕಾ ಬರುವ ಕಸುಬು. ಆ ಎರಡು ಸೆಕೆಂಡಿನಲ್ಲಿ ಇವರೆಲ್ಲ ರಿಮೋಟ್ ಹುಡುಕುತ್ತಿರುತ್ತಾರೆ. ಹಾಗಾಗಿ ಬರೆದವಳು ಪಕ್ಕದ ಅಂಗಡಿಯವನ ತಂಗಿ ಎಂದು ಒಬ್ಬರಿಗೂ ಗೊತ್ತಿಲ್ಲ. ಮೆಡಿಕಲ್ ಶಾಪಿನ ಅಕ್ಕನ ಪ್ರಕಾರ ಕಥೆ ಬರೆಯುವವರು ಅಂತ ಬೇರೆ ಯಾರೂ ಇರುವುದಿಲ್ಲ, ನಟರೇ ಬೆಳಿಗ್ಗೆ ಕೂತು ಮಾತಾಡಿಕೊಳ್ಳುತ್ತಾರೆ.

ಸೋಮವಾರ ಸಲೂನಿನಲ್ಲಿ ಸೂತಕ. ಹತ್ತು ವಾರ ಕಾಯಿಸಿ ಕದ್ದವರು ಯಾರು ಅಂತ ಹೇಳದೆ ಹೋಗುವುದು ಮೋಸ ಎಂದು ಅಧ್ಯಕ್ಷ ಠರಾವು ಮಂಡಿಸಿದ. ಅರ್ಧ ಕ್ರಾಪು ಮಾಡಿ ಏಳು ಅಂದಹಾಗಾಯ್ತು ಎಂದ. ಅವನು ಜೀವಮಾನದಲ್ಲಿ ಆಡಿದ ಒಂದೇ ಒಳ್ಳೆಯ ಮಾತು. ಅದನ್ನೂ ಮೂರು ಸಲ ಹೇಳಿ ಕೆಡಿಸಿದ. ಆಮೇಲೆ ಊಹೆಗಳ ಮೆರವಣಿಗೆ. ಅಕ್ಕನ ಪ್ರಕಾರ ಗಡಿಯಾರ ಕದ್ದದ್ದು ಸತ್ತ ಮುದುಕರೇ. ಯಾಕೆ ಎಂದು ಕೇಳಿದರೆ, ಅಂಥವರು ಇರ್ತಾರೆ ಎನ್ನುತ್ತಾಳೆ. ಮೇಷ್ಟ್ರದು ಇನ್ನೂ ಆಳ. ಮುದುಕರು ಸ್ಕ್ರೂಗಳನ್ನು ಬಟ್ಟೆಯ ಮೇಲೆ ಗಡಿಯಾರದ ಅಂಕಿಗಳಂತೆ ಸುತ್ತಲೂ ಜೋಡಿಸುವ ದೃಶ್ಯವಿದೆಯಲ್ಲ, ಅದನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿದರಂತೆ. ಏಳರ ಜಾಗದಲ್ಲಿ ಸ್ಕ್ರೂ ಇಲ್ಲ. ಆದ್ದರಿಂದ ಕಳ್ಳತನವಾದದ್ದು ಏಳು ಗಂಟೆಗೆ, ಅದು ಏಳನೇ ತಾರೀಖು, ಕಳ್ಳನ ಹೆಸರಿನಲ್ಲಿ ಏಳು ಅಕ್ಷರ. ಕಾಗದದ ಮೇಲೆ ಲೆಕ್ಕ ಮಾಡಿ ತಂದಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಹನ್ನೆರಡರ ಜಾಗದಿಂದ ಶುರುಮಾಡಿ ಸುತ್ತಲೂ ಇಟ್ಟರೆ ಮತ್ತೆ ಕೂರಿಸುವಾಗ ತಪ್ಪುವುದಿಲ್ಲ ಎಂದು ನಮ್ಮ ಅಪ್ಪ ನಿನಗೆ ಕಲಿಸಿದ್ದು, ನೀನು ಅದನ್ನೇ ಬರೆದದ್ದು, ಏಳನೆಯದು ಶೂಟಿಂಗಿನ ಜಾಗದಲ್ಲಿ ಯಾರದೋ ಚಪ್ಪಲಿಗೆ ಅಂಟಿ ಹೋಗಿರಬಹುದಾದದ್ದು, ಇದನ್ನೆಲ್ಲ ನಾನು ಹೇಳಲಿಲ್ಲ. ಬದಲಿಗೆ ಎರಡು ಸಾಲು ಹೊಸೆದೆ:

ಕಂತು ಹತ್ತು, ಊಹೆ ನಾನೂರೈವತ್ತು,
ಬುದ್ಧಿ ಮಾತ್ರ ಬಾಡಿಗೆಗೆ ಹೋಗಿತ್ತು.

ಇದಕ್ಕೂ ಚಪ್ಪಾಳೆ. ಇಂಥವರನ್ನು ಬೈಯುವುದು ನೀರಿಗೆ ಗುದ್ದಿದ ಹಾಗೆ. ಕೈ ಒದ್ದೆಯಾಗುವುದು ನಮ್ಮದೇ.

ಸುಳಿವು ಇತ್ತು, ಚಿಮಟಾ. ನೀನು ಅದನ್ನು ಎರಡನೇ ಕಂತಿನಲ್ಲೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ಇನ್ಸ್‌ಪೆಕ್ಟರಮ್ಮ ಡ್ರಾಯರ್ ಜಗ್ಗುತ್ತಾಳೆ, ಬರುವುದಿಲ್ಲ. ಮಗಳು, “ಹಾಗೆ ಎಳೆದ್ರೆ ಬರಲ್ಲ ಮೇಡಂ, ಎತ್ತಿ ಎಳೀಬೇಕು” ಎನ್ನುತ್ತಾಳೆ. ಅಷ್ಟೇ ಮಾತು. ನಮ್ಮದೇ ಡ್ರಾಯರು, ನಮ್ಮದೇ ಮಾತು. ಗೊತ್ತಿಲ್ಲದವರು ಜಗ್ಗಿದರೆ ಇವತ್ತಿಗೂ ಮೇಜೇ ಜರುಗುತ್ತದೆ, ಡ್ರಾಯರು ಜರುಗುವುದಿಲ್ಲ. ಅಂದಮೇಲೆ ಗಡಿಯಾರ ತೆಗೆದವರು ಹೊರಗಿನವರಾಗಿರಲು ಸಾಧ್ಯವೇ? ಹತ್ತು ವಾರ ಬಾಯಿ ನೋಯಿಸಿಕೊಂಡ ಇಷ್ಟು ಜನರಲ್ಲಿ ಒಬ್ಬನ ತಲೆಗೂ ಅದು ಹೊಳೆಯಲಿಲ್ಲ. ಆ ಮಾತು ಬಂದಾಗ ಇವರು ಇನ್ಸ್‌ಪೆಕ್ಟರಮ್ಮನ ಬೂಟು ಅಸಲಿ ಚರ್ಮದ್ದೋ ಅಲ್ಲವೋ ಎಂದು ಜಗಳವಾಡುತ್ತಿದ್ದರು.

ಇನ್ನು ಧಾರಾವಾಹಿಯಲ್ಲಿ ಆ ಮಗಳಿಗೊಬ್ಬ ಅಣ್ಣನಿದ್ದಾನಲ್ಲ, ಅವನ ಪಾತ್ರ. ಒಟ್ಟು ಮೂರು ದೃಶ್ಯ. ಮೂರರಲ್ಲೂ ತಲೆ ಬಾಚಿಕೊಳ್ಳುತ್ತಾನೆ, ಒಂದು ಪ್ರಾಸ ಹೇಳುತ್ತಾನೆ, ಹೋಗುತ್ತಾನೆ. ಇವನ ಮೇಲೆ ಯಾರಿಗಾದರೂ ಅನುಮಾನವೇ ಎಂದು ನಾನೇ ಸೋಮವಾರ, ಸುಮ್ಮನೆ ಕೇಳುವವನಂತೆ ಕೇಳಿದೆ. ಸಲೂನಿನವನು ಕತ್ತರಿ ನಿಲ್ಲಿಸಿ, “ಅವನಾ? ಕದಿಯೋಕೂ ಒಂದು ಯೋಗ್ಯತೆ ಬೇಕು ಬಿಡಿ ಸಾರ್” ಅಂದ. ಎಲ್ಲರೂ ನಕ್ಕರು. ಆ ಅಣ್ಣ ಏನು ಕೆಲಸಕ್ಕೆ ಅಂತ ಇದ್ದಾನೋ, ಸೀಸನ್ ತುಂಬಿಸೋಕೆ ಹಾಕಿರಬೇಕು ಎಂದಳು ಅಕ್ಕ. ನಾನೂ ನಕ್ಕೆ. ಮನೆಗೆ ಬಂದು ಆ ಮೂರು ದೃಶ್ಯಗಳನ್ನು ಮತ್ತೆ ಮೂರು ಸಲ ನೋಡಿದೆ. ನೀನು ಏನೋ ಗೊತ್ತಿದ್ದು ಬರೆದೆಯೋ, ಗೊತ್ತಿಲ್ಲದೆ ಬರೆದೆಯೋ, ಅಥವಾ ಮನೆಯಲ್ಲೊಬ್ಬ ಅಣ್ಣ ಇದ್ದನಲ್ಲ, ಇರಲಿ ಎಂದು ಬರೆದೆಯೋ, ನನಗೆ ಬಗೆಹರಿಯಲಿಲ್ಲ.

ಇಪ್ಪತ್ತೇಳು ವರ್ಷದ ಹಿಂದಿನ ಆ ಸಂಜೆಯನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ. ಹತ್ತು ಕಂತು ಬರೆದವಳು ನೀನು. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ನಾವು ಮೂರೇ ಜನ. ರೈಲಿನ ಗಾರ್ಡ್ ಆಗಿದ್ದವರು ತಮ್ಮ ತಂದೆಯ ಜೇಬುಗಡಿಯಾರ ವಾಪಸು ಕೇಳಿಕೊಂಡು ಬಂದರು. ಡ್ರಾಯರಿನಲ್ಲಿ ಅದು ಇರಲಿಲ್ಲ. ದಿನವಿಡೀ ಅಂಗಡಿಯಲ್ಲಿ ಕೂತಿದ್ದವಳು ನೀನು, ನಾನು ಕಾಲೇಜಿನಲ್ಲಿದ್ದೆ. ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ “ಯಾರು?” ಅಂದರು. ನೀನು “ನಾನಲ್ಲ” ಅಂದೆ. ನಾನು ನಿನ್ನ ಕಡೆ ತಿರುಗಿ, “ನೀನೇ ತಾನೆ ಕೂತಿದ್ದು?” ಅಂದೆ. ಅಪ್ಪ ತಮ್ಮ ಕೈಯ ವಾಚು ಬಿಚ್ಚಿ ಗಾರ್ಡ್‌ಗೆ ಕೊಟ್ಟರು. ನಿನಗೆ ಇನ್ನು ಈ ಮೇಜಿಗೆ ಕೂರಬೇಡ ಅಂದರು. ಹದಿನೇಳು ವರ್ಷದ ನೀನು ಚಿಮಟವನ್ನು ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲಿಟ್ಟು, ಚಿಕ್ಕಮ್ಮನ ಮನೆಗೆ ಹೊರಟೆ. ಓದಿದೆ, ಬರೆದೆ, ಹೆಸರು ಮಾಡಿದೆ, ಎರಡು ಸೆಕೆಂಡಿನ ಹೆಸರು. ಈ ಮೆಟ್ಟಿಲನ್ನು ಮಾತ್ರ ಮತ್ತೆ ಹತ್ತಲಿಲ್ಲ. ಈ ಮನೆಯಲ್ಲಿ ಕೈ ಪಳಗಿದ್ದು ನಿನ್ನದು. ಕುರ್ಚಿ ಸಿಕ್ಕಿದ್ದು ನನಗೆ. ಮುಳ್ಳು ಕೂರಿಸಲು ಬಾರದವನಿಗೆ ಮುಳ್ಳಿನ ಮೇಲಿನ ಕುರ್ಚಿ.

ಈ ಸೀಸನ್ನಿಗೆ ಮರ್ಯಾದಸ್ಥ ಪ್ರೇಕ್ಷಕರು ಅಂತ ಇದ್ದದ್ದು ಒಬ್ಬರೇ, ಅದು ಅಪ್ಪ. ಹತ್ತು ವಾರವೂ ಲೆನ್ಸ್ ಸಿಕ್ಕಿಸಿಕೊಂಡೇ ಟೀವಿ ಮುಂದೆ ಕೂತರು. ಮೂರನೇ ವಾರ ಮಾತ್ರ, ಆ ನಟಿ ಚಿಮಟ ಹಿಡಿದದ್ದು ನೋಡಿ, ಹಿಡಿಯೋದು ಕಲಿಸಿದ್ದಾಳೆ ಅಂದರು. ಹೆಸರೆತ್ತದೆ ನಿನ್ನನ್ನು ಮೆಚ್ಚಿದ್ದು. ಮೊನ್ನೆ ಬುಧವಾರ ನಾನು ಒಂದು ಗೋಡೆಗಡಿಯಾರದ ಜೊತೆ ಹೆಣಗುತ್ತಿದ್ದೆ. ಅಪ್ಪ ಲೆನ್ಸ್ ತೆಗೆಯದೆ, ನನ್ನ ಮುಖವನ್ನೂ ನೋಡದೆ, “ಎತ್ತಿ ಎಳೀಬೇಕು ಅಂತ ಗೊತ್ತಿದ್ದೋರು ಈ ಮನೇಲಿ ಮೂರೇ ಜನ. ನಾನು ತೆಗ್ದಿಲ್ಲ” ಅಂದರು. ಮೂರರಲ್ಲಿ ಒಂದು ಕಳೆದು, ಅಂದೇ ‘ನಾನಲ್ಲ’ ಅಂದವಳನ್ನೂ ಕಳೆಯಲು ಗಣಿತದ ಮೇಷ್ಟ್ರು ಬೇಕಿಲ್ಲ. ಕಾಫಿ ತರಲಾ ಎಂದು ಕೇಳಿ ನಾನು ಎದ್ದೆ. ಆ ಹೊತ್ತಿನಿಂದ ಅಪ್ಪ ನನ್ನನ್ನು ಗಂಟೆ ಎಷ್ಟು ಎಂದು ಕೇಳಿಲ್ಲ. ನಿನ್ನ ಅತ್ತಿಗೆಯನ್ನು ಕೇಳುತ್ತಾರೆ, ದಾರಿಯಲ್ಲಿ ಹೋಗುವವರನ್ನು ಕೇಳುತ್ತಾರೆ.

ಪತ್ರ ಉದ್ದವಾಯಿತು. ಸುಳಿವು ಸಂಘದವರು ನಿಮ್ಮ ಚಾನೆಲ್ಲಿಗೆ ಒಂದು ಮನವಿ ಕಳಿಸುತ್ತಿದ್ದಾರೆ: ಮೂರನೇ ಸೀಸನ್ನಿನಲ್ಲಿ ಕದ್ದವರನ್ನು ಹಿಡಿದುಕೊಡದಿದ್ದರೆ ನೋಡುವುದನ್ನು ನಿಲ್ಲಿಸುತ್ತಾರಂತೆ. ನಿಲ್ಲಿಸುವುದಿಲ್ಲ, ಹೆದರಬೇಡ. ಒಕ್ಕಣೆ ತಿದ್ದಲು ನನಗೇ ಕೊಟ್ಟಿದ್ದಾರೆ. ಆರು ಕಾಗುಣಿತ ತಪ್ಪು ತೆಗೆದು, ಎರಡು ಹಾಗೇ ಬಿಟ್ಟಿದ್ದೇನೆ, ನಿನಗೆ ನಗಲು. ಅತ್ತಿಗೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಆ ಮಗಳ ಕೋಣೆಯ ಪರದೆ ಎಲ್ಲಿ ತಂದದ್ದು ಎಂಬುದೊಂದೇ ಅವಳಿಗೆ ಈ ಸೀಸನ್ನಿನ ಬಗೆಹರಿಯದ ರಹಸ್ಯ. ಕುತ್ತಿಗೆ ಜೋಪಾನ. ಕೆಲಸ ಚೆನ್ನಾಗಿ ನಡೆಯಲಿ, ನಿನ್ನ ಮುಳ್ಳು ಎಲ್ಲೂ ನಿಲ್ಲದಿರಲಿ.

ಇಂತಿ ನಿನ್ನ
ಅಣ್ಣ

ಮರೆತದ್ದು: ಮರೆತದ್ದಲ್ಲ. ಗಡಿಯಾರ ತೆಗೆದದ್ದು ನಾನು. ಆ ದಿನ ಕಾಲೇಜಿನಲ್ಲಿ ಕವಿಗೋಷ್ಠಿ ಇತ್ತು. ಓದುವಾಗ ಎದೆಯ ಮೇಲೆ ಸರಪಳಿ ಹೊಳೆಯಲಿ ಅಂತ, ನೀನು ಅಂಗಡಿ ತೆರೆಯುವ ಮೊದಲೇ ತೆಗೆದುಕೊಂಡು ಹೋದೆ. ವೇದಿಕೆಯ ಮೆಟ್ಟಿಲ ಮೇಲೆ ಬಿತ್ತು, ನಿಂತಿತು. ಇಷ್ಟು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೆ. ಎಷ್ಟು ಸಲ ಬಿಚ್ಚಿದರೂ ನನ್ನ ಕೈಗೆ ಅದು ನಡೆಯಲಿಲ್ಲ. ಮೇಲಿನ ಸಹಿ ಹಾಕಿದ ಮೇಲೆ ಕೆಳಗೆ ಹೋಗಿ, ಅದನ್ನು ಅಪ್ಪನ ಮುಂದಿಟ್ಟು, “ನಾನು” ಅಂದೆ. ಬೈಯಲಿಲ್ಲ. ಆ ನಡುಗುವ ಕೈಯಲ್ಲೇ ಬಿಚ್ಚಿದರು, ಅರ್ಧ ಗಂಟೆ ಹಿಡಿಯಿತು. ಸ್ಕ್ರೂಗಳನ್ನು ಹನ್ನೆರಡರಿಂದ ಶುರುಮಾಡಿ ಸುತ್ತ ಜೋಡಿಸಿ, ಮೇಲೊಂದು ಗಾಜಿನ ಬಟ್ಟಲು ಕವುಚಿ, “ನೀನು ಮುಟ್ಬೇಡ. ಅವಳು ಬರ್ಲಿ” ಅಂದರು. ಬಾ. ಅಪ್ಪನ ಕೈಗೆ ಎಷ್ಟು ದಿನ ಇದೆಯೋ ಗೊತ್ತಿಲ್ಲ. ಅಂದು ‘ನಾನು’ ಅನ್ನಬೇಕಾದ ಕಡೆ ‘ನೀನು’ ಅಂದೆ. ಪ್ರಾಸವೊಂದೇ ಸರಿಯಾಗಿತ್ತು.