ಬಿಕ್ಕಲಂ ಮುದ್ದಯ್ಯ

12 ಅಕ್ಟೋಬರ್ 1998, ಸೋಮವಾರ
ಎರಡು ಕ್ರಯಪತ್ರ, ಒಂದು ಭೋಗ್ಯ. ಗುಂಡ್ಲುಪೇಟೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅದೇ ಹೊಂಗೆ ಮರ, ಅದೇ ಮೇಜು. ಹೋದ ವರ್ಷ ಜಿಲ್ಲೆ ಬೇರೆಯಾದ ಮೇಲೆ ಪ್ರತಿ ಪತ್ರದಲ್ಲೂ 'ಚಾಮರಾಜನಗರ ಜಿಲ್ಲೆ' ಅಂತ ಬರೆಯಬೇಕು. ಮೈಸೂರು ಮೂರೇ ಅಕ್ಷರ, ಸುಖವಾಗಿತ್ತು. ಈಗ 'ಚಾ' ದುಂಡಗೆ ಬರುತ್ತದೆ. ಕೊನೆಯ 'ರ' ಮುಟ್ಟುವಷ್ಟರಲ್ಲಿ ಸಾಸಿವೆ ಕಾಳು.

ಜಮೀನು ಕೊಂಡ ನಾಗಯ್ಯನ ಪತ್ರ ಆಫೀಸಿನಿಂದ ವಾಪಸ್ ಬಂತು, ಓದಲಾಗದು ಅಂತ. "ಇದೇನ್ ಸಾಮಿ, ಇರುವೆ ಬುಟ್ಟಂಗದೆ?" ಅಂದ. ಇಪ್ಪತ್ತೆಂಟು ವರ್ಷ ಪತ್ರ ಬರೆದ ಕೈ. ಅಡಿಯಲ್ಲಿ 'ಬಿಕ್ಕಲಂ ಮುದ್ದಯ್ಯ', ಅಂದರೆ ಬರೆದವನು ಮುದ್ದಯ್ಯ, ಅಂತ ಕಂಡರೆ ಆಫೀಸಿನವರು ಕಣ್ಣುಮುಚ್ಚಿ ಸೀಲು ಹಾಕುತ್ತಿದ್ದರು. ಅವಮಾನವಾಯಿತು.

29 ಅಕ್ಟೋಬರ್, ಬೆಳಿಗ್ಗೆ
ಕನಸು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು. ಬೆರಳಲ್ಲಿ ಅದರ ಮೇಲೇ ಬರೆಯುತ್ತಿದ್ದೇನೆ. ಆನೆಯಷ್ಟು ದೊಡ್ಡ ಅಕ್ಷರ, ಅಳಿಸುವುದೂ ಇಲ್ಲ. ಅಷ್ಟರಲ್ಲಿ ಕಾಡುಹಂದಿ ನುಗ್ಗಿತು. ಕಾಲೆತ್ತಿ ಒದ್ದುಬಿಟ್ಟೆ.

ಎದ್ದರೆ ಪಕ್ಕದಲ್ಲಿ ಹೆಂಡತಿ ಗೌರಿಯ ತೋಳು ನೀಲಿಗಟ್ಟಿದೆ. "ಹಂದಿಗೆ ಒದ್ರೆ ನಂಗ್ಯಾಕೆ ಬೀಳ್ತದೆ ಕಣ್ರೀ?" ನಗುತ್ತಾ ಎಣ್ಣೆ ಸವರಿಕೊಂಡಳು. ನಾನೂ ನಕ್ಕೆ. ಅವಳು ಹಾಕಿದ ಒಗ್ಗರಣೆಯ ವಾಸನೆ ಮೂಗಿಗೆ ಬಂದು ಎಷ್ಟು ವರ್ಷವಾಯಿತೋ... ಹೇಳಿಲ್ಲ.

15 ನವೆಂಬರ್, ಭಾನುವಾರ
ಚಾಮರಾಜನಗರ. ಮೈಸೂರಿನಿಂದ ಭಾನುವಾರ ಬರುವ ನರಗಳ ಡಾಕ್ಟರು. ಚಕ್ಕುಲಿ ಸುತ್ತು ಬರೆಸಿದರು. ಸುತ್ತುತ್ತಾ ಸುತ್ತುತ್ತಾ ಒಳಗೇ ಮುದುಡಿಹೋಯಿತು. ಪಾರ್ಕಿನ್ಸನ್ ಅಂದರು. ನಾನು ಬಾಯಿ ಬಿಡುವ ಮೊದಲೇ ಕೇಳಿದರು — ವಾಸನೆ ಹೋಗಿದೆಯಾ, ಕನಸಲ್ಲಿ ಒದೆಯುತ್ತೀರಾ? ಅವು ಎಷ್ಟೋ ವರ್ಷ ಮುಂಚೆ ಬರುವ ನೋಟೀಸಂತೆ.

ಮೆದುಳಿನ ಜೀವಕಣಗಳಲ್ಲಿ ಒಂದು ಪ್ರೋಟೀನ್ ಇರುತ್ತದೆ. ಅದು ಸರಿಯಾಗಿ ಮಡಿಸಿಕೊಳ್ಳದೆ ಗಂಟು ಕಟ್ಟುತ್ತದೆ. ಗಂಟು ಬಿದ್ದ ಕಡೆ ಕೈಕಾಲು ಆಡಿಸುವ ಕಣಗಳು ಸಾಯುತ್ತಾ ಹೋಗುತ್ತವೆ. ಆ ಗಂಟಿನಲ್ಲಿರುವುದು ಯಾವ ಪ್ರೋಟೀನ್ ಅಂತ ತಿಳಿದದ್ದೇ ಹೋದ ವರ್ಷವಂತೆ. ಗಂಟು ಬಿಡಿಸುವ ಔಷಧಿ ಇನ್ನೂ ಇಲ್ಲ. ಮಾತ್ರೆ ತಗೊಂಡರೆ ಸ್ವಲ್ಪ ಹೊತ್ತು ಕೈ ಬರುತ್ತದೆ.

"ಎಷ್ಟು ವರ್ಷ ಬರೀಬೌದು?" ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು.

ಬಸ್ಸಿನಲ್ಲಿ ಭಯವಾಯಿತು. ಮಕ್ಕಳಿಲ್ಲ. ಮನೆ ನನ್ನೊಬ್ಬನ ಹೆಸರಲ್ಲಿದೆ. ನಾಳೆ ತಮ್ಮಂದಿರು ಬಂದು ಜಗಲಿಯಲ್ಲಿ ಕೂತರೆ ಗೌರಿ ಎಲ್ಲಿಗೆ ಹೋಗಬೇಕು? ಮನೆಯನ್ನು ಅವಳಿಗೆ ದಾನಪತ್ರ ಮಾಡಬೇಕು. ನನ್ನ ಕೈಯಲ್ಲೇ. ಕೈ ಇರುವಾಗಲೇ.

16 ನವೆಂಬರ್
ಅವರೆಕಾಳು, ಹುರುಳಿ, ಮೊಟ್ಟೆ — ಗೌರಿ ಎಲ್ಲಾ ಬಂದ್ ಮಾಡಿದಳು. "ಡಾಕ್ಟ್ರೇ ಹೇಳ್ನಿಲ್ವಾ ಪ್ರೋಟೀನು ಗಂಟು ಕಟ್ತದೆ ಅಂತ? ಇನ್ನು ಈ ಮನೇಲಿ ಕಾಳು ಬೇಯಲ್ಲ ಬುಡಿ." ಅದು ಬೇರೆ ಪ್ರೋಟೀನ್ ಅಂದೆ. ನನಗೂ ಖಾತ್ರಿ ಇರಲಿಲ್ಲ. ತಿಳಿಸಾರು.

3 ಜನವರಿ 1999, ಭಾನುವಾರ
ಏಳು ವಾರ ತಿಳಿಸಾರು. ಇವತ್ತು ಕಾಳು ನಿಲ್ಲಿಸಿದ್ದನ್ನು ಗೌರಿಯೇ ಡಾಕ್ಟರ ಮುಂದೆ ಒಪ್ಪಿಕೊಂಡಳು. ಅವರು ನಕ್ಕುಬಿಟ್ಟರು. ಕಾಳಿನ ಪ್ರೋಟೀನ್ ಮೆದುಳಿಗೆ ಹೋಗಿ ಗಂಟಾಗುವುದಿಲ್ಲ, ತಿನ್ನಿಸಿ. ಆದರೆ ಊಟದ ಪ್ರೋಟೀನ್ ಮಾತ್ರೆಗೆ ಅಡ್ಡ ಬರುತ್ತದೆ, ಮಾತ್ರೆ ಬರೀ ಹೊಟ್ಟೆಗೆ ಕೊಡಿ.

"ನೋಡಿದ್ರಾ? ಅಡ್ಡ ಬತ್ತದೆ ಅಂದ್ರಲ್ಲ!" ಊರು ಬರುವವರೆಗೂ ಗೆದ್ದ ಮುಖ.

9 ಜನವರಿ
ಪಕ್ಕದ ಮೇಜಿನ ಟೈಪಿಸ್ಟ್ ಶಾಂತರಾಜು: "ನಂಗ್ ಕೊಡಿ ಅಣ್ಣ. ದಾನಪತ್ರದ ಫಾರ್ಮ್ಯಾಟ್ ಅದೆ, ಹೆಸ್ರು ತುಂಬುದ್ರೆ ಆಯ್ತು."

ಬೇಡ ಅಂದೆ. ಆ ಫಾರ್ಮ್ಯಾಟಿನಲ್ಲಿ ಒಂದು ಸಾಲು ಇದೆ: 'ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ'. ಯಾರ್ಯಾರಿಗೋ ನೂರು ಸಲ ಬರೆದುಕೊಟ್ಟಿದ್ದೇನೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಗೌರಿಗೆ ಒಮ್ಮೆಯೂ ಹೇಳಿಲ್ಲ. ಅದನ್ನೂ ಟೈಪ್ ಹೊಡೆಸಲೇ?

18 ಜನವರಿ, ಬೆಳಿಗ್ಗೆ 5.50
ಮತ್ತೆ ಬೆಟ್ಟ, ಮಂಜು. ತಲೆಯೊಳಗೆ ಯಾರೋ ಪತ್ರಗಳನ್ನು ತಪ್ಪು ತಪ್ಪಾಗಿ ಮಡಿಸಿ ತುರುಕುತ್ತಿದ್ದರು. ಒಂದೊಂದನ್ನೇ ಬಿಡಿಸಿದೆ. ಒಳಗೆ ಅಕ್ಷರವಿಲ್ಲ. ಬರೀ ಮಂಜು, ತಣ್ಣಗೆ. ಯಾಕೋ ಹೆದರಿಕೆ ಆಗಲಿಲ್ಲ.

6.40
ಮಾತ್ರೆ ಹಿಡಿಯಿತು. ಗೌರಿ ಪೆನ್ಸಿಲ್ ಹಿಡಿದು ಕೂತಳು. ಛಾಪಾ ಕಾಗದದ ಮೇಲೆ ಸಾಲಾಗಿ ಚುಕ್ಕಿ, ರಂಗೋಲಿಗೆ ಇಟ್ಟ ಹಾಗೆ. "ಈ ಚುಕ್ಕಿಯಿಂದ ಆ ಚುಕ್ಕಿಗೆ ತಾಗ್ಬೇಕು ನೋಡಿ, ಮೋಸ ಮಾಡ್ಬ್ಯಾಡಿ." ತಾಗಿತು! ಅಕ್ಷರ ಕುಗ್ಗಲಿಲ್ಲ. 'ಚಾಮರಾಜನಗರ' ಕೊನೆಯವರೆಗೂ ದುಂಡಗೆ. ಕಣ್ಣು ತುಂಬಿತು.

"ಯಾರ್ದು ಪತ್ರ?"
"ಯಾರದೋ."

ಅಂಗೈ ಅಡ್ಡ ಇಟ್ಟು ಬರೆದೆ. ಕಡೆಯ ಹೊತ್ತಿಗೆ ಮಾತ್ರೆ ಇಳಿಯಿತು. ಆ ಒಂದು ಸಾಲು ಮಾತ್ರ ಸಾಸಿವೆಯಾಯಿತು. ಅದೇ ಸಾಲು.

21 ಜನವರಿ
ಸಾಕ್ಷಿ ಸೈನು ಹಾಕಬೇಕು ಬಾ ಅಂತ ಗೌರಿಯನ್ನು ಆಫೀಸಿಗೆ ಕರೆದೊಯ್ದೆ. ಸಬ್ ರಿಜಿಸ್ಟ್ರಾರ್ ಎಲ್ಲಾ ಓದಿದರು, ಒಂದು ಸಾಲಿಗೆ ಬಂದು ತಡೆದರು. "ಈ ಸಾಲು ಕಾಣ್ತಿಲ್ಲ ಮುದ್ದಯ್ಯನೋರೆ. ಗಟ್ಟಿಯಾಗಿ ಓದಿಬಿಡಿ."

ಎಲ್ಲರೂ ಇದ್ದರು. ಶಾಂತರಾಜು ಕೂಡ. ಓದಿದೆ. "ನನ್ನ ಹೆಂಡತಿಯಾದ ಮಂಗಳಗೌರಿಯವರೇ, ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ..." ದನಿಯೂ ಕೈಯ ಹಾಗೇ ಸಣ್ಣಗಾಯಿತು.

ಗೌರಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು. ಸೈನು ಹಾಕಿ ಹೆಬ್ಬೆಟ್ಟಿಗೂ ಶಾಯಿ ಹಚ್ಚಿಸಿಕೊಂಡಳು. ರಿಜಿಸ್ಟರ್ ಆಯಿತು.

22 ಜನವರಿ, ಬೆಳಿಗ್ಗೆ 6.30
ಮಾತ್ರೆ ಇನ್ನೂ ಹಿಡಿದಿಲ್ಲ. ಅವರೆಕಾಳು ಬೇಯುತ್ತಿದೆಯಂತೆ. ಗೌರಿ ಕೇಳದೆಯೇ ಈ ಡೈರಿ ಎಳೆದುಕೊಂಡು ಪುಟದ ತುಂಬಾ ಚುಕ್ಕಿ ಇಟ್ಟಳು. ಎದುರಿಗೇ ಕೂತಿದ್ದಾಳೆ.

"ನೆನ್ನೆ ಸಾಲು ಇನ್ನೊಂದ್ಸಲ ಬರೀರಿ. ದೊಡ್ದಾಗಿ."

ಇಲ್ಲಿ ಫಾರ್ಮ್ಯಾಟ್ ಬೇಡ. 'ನಿಮ್ಮ' ಅಲ್ಲ. ನಿನ್ನ ಮೇಲಿನ ಪ್ರೀ