ಇಪ್ಪತ್ತೈದನೇ ಗಿರಾಕಿಗೆ ಆರು ವಾರ

ಹೋಟೆಲುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಒಂದು ನಿಯಮದ ದೆಸೆಯಿಂದ ಕಳೆದ ಭಾನುವಾರ ಮಧ್ಯಾಹ್ನ ನನ್ನ ಅಕ್ಕ ಬಿಸಿ ಊಟ ಬಿಟ್ಟು ಎದ್ದು ಬಂದಳು. ಅವಳು ಮಾಡಿದ ಅಪರಾಧ ಇಷ್ಟೇ: ಆರು ವಾರದ ಮಗಳನ್ನು ಜೊತೆಗೆ ಕರೆತಂದಿದ್ದಳು.

ನನಗೆ ಮದುವೆಯಾಗಿ ಮೂರು ತಿಂಗಳು. ಸದ್ಯಕ್ಕೆ ಲೋಕದಲ್ಲಿ ಎಲ್ಲವೂ ಚೆಂದವಾಗಿಯೇ ಕಾಣುತ್ತಿದೆ, ಬಸ್ಸಿಗೆ ಕಾಯುವ ಸಾಲು ಕೂಡ! ಕೋಪದಿಂದ ಬರೆಯಬೇಕೆಂದು ಎರಡು ಸಲ ಕೂತೆ, ಆಗಲಿಲ್ಲ. ನಗುತ್ತಲೇ ಬರೆಯುತ್ತಿದ್ದೇನೆ. ಆದರೂ ದೂರು ದೂರೇ.

ಭಾವ ಕೆಲಸದ ಮೇಲೆ ದೂರದಲ್ಲಿದ್ದಾರೆ. ಹೆರಿಗೆಯಾದಂದಿನಿಂದ ಅಕ್ಕ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ. "ಏನು ಬೇಕೇ ನಿಂಗೆ?" ಎಂದು ಕೇಳಿದರೆ, "ಎರಡೂ ಕೈ ಖಾಲಿ ಇಟ್ಕೊಂಡು ಬಿಸಿಬಿಸಿ ಊಟ ಮಾಡ್ಬೇಕು ಕಣೇ. ಯಾರೋ ಬಡಿಸ್ಬೇಕು, ಯಾರೋ ತಟ್ಟೆ ತೊಳೀಬೇಕು" ಎಂದಳು. ಇಷ್ಟೇ ತಾನೇ ಎಂದು ನಾನೂ ನಮ್ಮವರೂ ಅವಳನ್ನು ಹೊರಡಿಸಿದೆವು. ಮೂರು ಜನರ ಊಟಕ್ಕೆ ಮಗುವಿನ ಸಾಮಾನೇ ಎರಡು ಚೀಲ.

ಹೋಟೆಲಿನ ಗೋಡೆಯ ಮೇಲೆ ತಮ್ಮ ಮೊಹರಿದ್ದ ಫಲಕ: "ಕುರ್ಚಿಗಳು ಇಪ್ಪತ್ನಾಲ್ಕು. ಇದಕ್ಕಿಂತ ಹೆಚ್ಚು ಗಿರಾಕಿಗಳು ಒಳಗಿರಕೂಡದು." ಉಳಿದಿದ್ದ ಮೂರು ಕುರ್ಚಿ ನಮಗೆ ಸಿಕ್ಕವು. ಹೊಗೆಯಾಡುವ ಸೂಪು ಬಂತು. ಅಕ್ಕ ಮಗುವನ್ನು ನನ್ನ ಮಡಿಲಿಗಿಟ್ಟು ಚಮಚ ಎತ್ತಿದಳು. ಅಷ್ಟರಲ್ಲಿ ಹೋಟೆಲಿನ ಯಜಮಾನರು ಬೆರಳು ಮಡಿಸಿ ಎಣಿಸುತ್ತಾ ಬಂದರು.

"ಮೇಡಂ, ಮಗು ಸೇರಿ ಇಪ್ಪತ್ತೈದಾಗತ್ತೆ."

"ಅವಳು ಏನೂ ತಿನ್ನಲ್ಲ ಸರ್!" ಎಂದೆ.

"ತಿನ್ನೋದಲ್ಲಮ್ಮ, ತಲೆ ಲೆಕ್ಕ. ಹೋದ ತಿಂಗಳು ಇದಕ್ಕೇ ಎರಡು ದಿನ ಬಾಗಿಲು ಹಾಕಿಸಿದ್ರು. ನಂಗೂ ಮೊಮ್ಮಕ್ಕಳಿದ್ದಾರೆ, ಬೇಜಾರು ಮಾಡ್ಕೋಬೇಡಿ. ಯಾರಾದ್ರೂ ಒಬ್ರು ಹೊರಗಿದ್ರೆ ಆಯ್ತು."

ಸುಡು ಬಿಸಿಲಿಗೆ ಮಗುವನ್ನು ಕಳಿಸುವುದುಂಟೇ? ನಮ್ಮವರೇ ಎದ್ದು ಹೋಗಿ ಗಾಜಿನಾಚೆ ನಿಂತರು. ನನ್ನನ್ನು ನೋಡಿ ಹಲ್ಲು ಕಿರಿದರು, ತಿನ್ನು ತಿನ್ನು ಎಂದು ಕೈಸನ್ನೆ ಮಾಡಿದರು. ನನಗೋ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ಚಮಚ ಕೆಳಗಿಟ್ಟಳು.

"ಅವ್ರು ಬಿಸಿಲಲ್ಲಿ ನಿಂತಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ ಕಣೇ. ಪಾರ್ಸೆಲ್ ಮಾಡಿಸು, ಹೋಗೋಣ."

ಮನೆ ತಲುಪುವಷ್ಟರಲ್ಲಿ ಮಗು ಎದ್ದು ರಚ್ಚೆ ಹಿಡಿಯಿತು. ಅಕ್ಕ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ತಣ್ಣಗಾದ ಸೂಪು ಕುಡಿದಳು. "ಇನ್ನು ಇವಳು ನಡೆಯೋ ತನಕ ನಾನೆಲ್ಲೂ ಬರಲ್ಲ. ಯಾಕೆ ಸುಮ್ನೆ ಎಲ್ರಿಗೂ ತೊಂದ್ರೆ" ಎಂದಳು. ಆಗ ಮಾತ್ರ ನನ್ನ ನಗು ನಿಂತಿತು.

ಮಾನ್ಯರೇ, ಹೋಟೆಲಿನಲ್ಲಿ ನೂಕುನುಗ್ಗಲು ಬೇಡವೆಂಬ ತಮ್ಮ ಕಾಳಜಿಗೆ ನನ್ನದೂ ಒಂದು ಚಪ್ಪಾಳೆ. ಆದರೆ ಕುರ್ಚಿಯ ಲೆಕ್ಕ ಕೂರುವವರಿಗಲ್ಲವೇ? ಇವಳಿಗೆ ಇನ್ನೂ ಕತ್ತೇ ನಿಂತಿಲ್ಲ! ಹುಟ್ಟಿದಂದಿನಿಂದ ತೊಟ್ಟಿಲು, ಯಾರದೋ ತೋಳು, ಯಾರದೋ ಮಡಿಲು ಬಿಟ್ಟು ಈ ಊರಿನ ಒಂದು ಗೇಣು ಜಾಗವನ್ನೂ ಅವಳು ಆಕ್ರಮಿಸಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ದೊಡ್ಡವಳೆಂದು ಎಣಿಸಲು ಮದುವೆಯೇ ಆಗಬೇಕಾಯಿತು. ಆರೇ ವಾರಕ್ಕೆ ಅವಳನ್ನು ಪೂರ್ಣ ಗಿರಾಕಿಯೆಂದು ಒಪ್ಪಿದ ತಮ್ಮ ಇಲಾಖೆಯ ಔದಾರ್ಯಕ್ಕೆ ಏನೆನ್ನಲಿ? ಈ ಗೌರವದ ಭಾರ ಹೊತ್ತವಳು ಮಾತ್ರ ಅವಳ ಅಮ್ಮ. ಮಗುವನ್ನು ಎಣಿಸಿದರೆ ಮನೆಯಲ್ಲಿ ಉಳಿಯುವುದು ತಾಯಿ ಎಂಬುದು ಎಣಿಸುವವರಿಗೆ ಹೊಳೆಯಲೇ ಇಲ್ಲವೇ?

ನಾನು ಕೇಳುವುದು ಒಂದೇ ಒಂದು ಸಾಲು. ಆ ಫಲಕದ ಕೆಳಗೆ "ಮಡಿಲಲ್ಲಿರುವ ಮಗುವನ್ನು ಎಣಿಸಬೇಕಾಗಿಲ್ಲ" ಎಂದು ಬರೆಸಿಬಿಡಿ. ಆ ಫಲಕದ ಫೋಟೋ ತೋರಿಸಿ ಅಕ್ಕನ ಮನಸ್ಸು ಬದಲಾಯಿಸುವ ಹೊಣೆ ನನ್ನದು. ಸ್ವಲ್ಪ ಬೇಗ ಮಾಡಿ ಸ್ವಾಮಿ. ಕಡತ ತಮ್ಮಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುವಷ್ಟರಲ್ಲಿ ಇವಳು ಕೂರುವುದನ್ನು ಕಲಿತು, ತಾನೇ ಒಂದು ಕುರ್ಚಿ ಕೇಳಿಯಾಳು.

ಇಂತಿ,
ನಿಯಮ ಪಾಲಿಸಿ ಹಸಿದು ಮನೆಗೆ ಬಂದ ಮೂವರ ಪರವಾಗಿ,
ಒಬ್ಬಳು ಹೊಸ ಚಿಕ್ಕಮ್ಮ